ಬಂದಗಿಸಾಬ ಮಾಸ್ತರರ ಮೂರನೆಯ ಸದ್ದು

ತಿಕೋಟಾ, ೧೨ ನವೆಂಬರ್ ೧೯೭೮, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕುಳಿತೆ.

ಬಂದಗಿಸಾಬ ಮಾಸ್ತರರನ್ನು ನೆನೆದರೆ ನನಗೆ ಮೊದಲು ಅವರ ಬೆನ್ನು ಕಾಣುತ್ತದೆ, ಮುಖ ಆಮೇಲೆ. ಬಿಳಿ ಅಂಗಿ, ಅದರ ನಡುವೆ ಉದ್ದಕ್ಕೆ ಇಳಿದ ಬೆವರಿನ ಕಲೆ, ಎಣ್ಣೆ ಹಿಡಿದ ಟೋಪಿ, ಗೋಡೆಯ ಕಡೆ ಬಾಗಿದ ತಲೆ. ಆ ಬೆನ್ನಿನ ಆಚೆ ಟೈಪ್ ಯಂತ್ರವೊಂದು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತಿತ್ತು. ಹೇಗೆ ಬದಲಾಗುತ್ತಿತ್ತು ಎಂಬುದನ್ನು ನಾವು ಯಾರೂ ನೋಡಲಿಲ್ಲ.

ಅವರ ಟೈಪಿಂಗ್ ಕ್ಲಾಸು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ, ಒಂದು ಅರಿವೆ ಅಂಗಡಿಯ ಮಾಳಿಗೆಯ ಮೇಲಿತ್ತು. ನಾನು ತಿಕೋಟಾದಿಂದ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಮಾಸ್ತರರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಊರಿನ ಬಸ್ಸಿಗೆ ಬರುತ್ತೇವೋ ಅದೇ ನಮ್ಮ ಹೆಸರು. ಹೀಗಾಗಿ ನಾನು ತಿಕೋಟಾ ಆದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ನಿದ್ದೆ ಬಂದಿದೆ ಎಂದು ನಾವು ಸಡಿಲ ಬಿಟ್ಟರೆ ಆ ಕಡೆಯಿಂದ ದನಿ ಬರುತ್ತಿತ್ತು:

"ಏ ತಿಕೋಟಾ, ನಿನ್ನ ಕಿರಿಬೆರಳು ನಿದ್ದಿ ಹೊಡ್ಯಾಕತ್ತೈತಿ. ಎಬ್ಬಸು ಅದನ್ನ."

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಸಪ್ಪಳಾ ಕುಂಟಾಕತ್ತೈತಲ್ಲವಾ. ಕುಂಟೆತ್ತು ಕಟ್ಟಿದ ಚಕ್ಕಡಿ ಬಂದಂಗ."

ಕ್ಲಾಸಿನಲ್ಲಿ ಮೂರು ಯಂತ್ರಗಳಿದ್ದವು. ಎರಡು ಬರೀ ಇಂಗ್ಲಿಷಿನವು. ಮೂರನೆಯದು ಪರದೇಶದ ಹಳೆಯ ದೊಡ್ಡ ಯಂತ್ರ, ಮುಚ್ಚಿಹೋದ ಹತ್ತಿ ಮಿಲ್ಲೊಂದರ ಕಚೇರಿಯಿಂದ ಬಂದದ್ದು. ಅದರ ಕೀಲಿಗಳೂ ಅಕ್ಷರದ ಕಡ್ಡಿಗಳೂ ಸೇರಿ ಒಂದೇ ಚೌಕಟ್ಟಾಗಿ, ಮೇಜಿನ ಖಾನೆಯ ಹಾಗೆ ಹೊರಗೆ ಬರುತ್ತಿದ್ದವು. ಮಾಸ್ತರರು ಅದಕ್ಕೆ ಬುಟ್ಟಿ ಎನ್ನುತ್ತಿದ್ದರು. ಕೆಟ್ಟುಹೋದ ಒಂದು ಕನ್ನಡ ಯಂತ್ರದ ಅಚ್ಚುಗಳನ್ನು ಬಿಡಿಸಿ, ಬೆಸೆದು, ಅರದಿಂದ ತೀಡಿ, ಅದೇ ಅಳತೆಗೆ ಇನ್ನೊಂದು ಬುಟ್ಟಿಯನ್ನು ಅವರೇ ಕಟ್ಟಿದ್ದರು. ಇಂಗ್ಲಿಷ್ ಬುಟ್ಟಿ ಹಾಕಿದರೆ ಯಂತ್ರ ಇಂಗ್ಲಿಷ್ ಹೊಡೆಯುತ್ತಿತ್ತು, ಕನ್ನಡ ಬುಟ್ಟಿ ಹಾಕಿದರೆ ಕನ್ನಡ. ಕಚೇರಿಗಳಲ್ಲಿ ಕನ್ನಡದ ಪತ್ರಗಳು ಹೆಚ್ಚಾಗುತ್ತಿದ್ದ ವರ್ಷಗಳವು. ಎರಡೂ ಬಲ್ಲವರನ್ನು ಎಲ್ಲರೂ ಕೇಳುತ್ತಿದ್ದರು.

"ಮಶೀನಿಗೆ ಮನಿಮಾತು ಅಂತ ಇರಂಗಿಲ್ಲ" ಎಂದು ಅವರು ಹೇಳುವುದಿತ್ತು. "ಯಾವ ಬುಟ್ಟಿ ಇಡ್ತಿ, ಅದನ್ನ ಮಾತಾಡ್ತೈತಿ. ನನ್ನ ಹೊಟ್ಟ್ಯಾಗ ಮೂರು ಬುಟ್ಟಿ ಅದಾವ. ಮನ್ಯಾಗ ಉರ್ದು, ಬಜಾರದಾಗ ಕನ್ನಡ, ಕಾಗದದ ಮ್ಯಾಲ ಇಂಗ್ಲೀಷು. ಯಾವಾಗರೆ ಗದ್ಲ ಆಗೈತೇನ?"

ಬುಟ್ಟಿ ಬದಲಿಸುವ ಹೊತ್ತಿಗೆ ಮಾತ್ರ ಈ ಮಾತುಗಾರ ಮನುಷ್ಯ ಬೇರೆಯೇ ಆಗುತ್ತಿದ್ದರು. ನಮ್ಮನ್ನೆಲ್ಲ ಬಾಲ್ಕನಿಗೆ ಅಟ್ಟುತ್ತಿದ್ದರು. "ಹೊರಗ ನಿಲ್ರೆಪಾ. ಮಶೀನು ಅರಿವಿ ಬದಲಿ ಮಾಡ್ತೈತಿ. ಮರ್ಯಾದಿ ಇಲ್ಲೇನು ನಿಮಗ?" ನಾವು ನಗುತ್ತ ಹೊರಗೆ ನಿಂತು ಟಾಂಗಾಗಳನ್ನು ನೋಡುತ್ತಿದ್ದೆವು. ಒಳಗಿನಿಂದ ಮೂರು ಸದ್ದು ಬರುತ್ತಿದ್ದವು. ಮೊದಲು ಟಕ್. ಆಮೇಲೆ ಕರ್‍ರ್ ಎಂಬ ಉದ್ದನೆಯ ಸದ್ದು. ಕೊನೆಗೆ, ಸ್ವಲ್ಪ ತಡೆದು, ಉಗುರಿನಿಂದ ಹೇನು ಕುಕ್ಕಿದ ಹಾಗೆ ಒಂದು ಚಿಟ್. ನನಗೆ ದಿನಾ ದಿನಚರಿ ಬರೆಯುವ ರೂಢಿ. ಬುಟ್ಟಿ ಬದಲಾದ ದಿನಗಳಿಗೆ ನಾನು ಅಂಚಿನಲ್ಲಿ ಗೀಟು ಹಾಕಿದ್ದೇನೆ. ಒಂದು ವರ್ಷದಲ್ಲಿ ಮೂವತ್ತೊಂದು ಗೀಟು. ಮೂವತ್ತೊಂದು ಸಲವೂ ನಾನು ಬಾಲ್ಕನಿಯಲ್ಲಿದ್ದೆ.

ಈ ಗುಟ್ಟಿಗೆ ಕಾರಣವಿತ್ತು. ಅವರ ಅಕ್ಕನ ಮಗ ರಸೂಲ ಚಿಕ್ಕಂದಿನಿಂದ ಅವರ ಕೈಯಲ್ಲೇ ಬೆಳೆದವನು. ರಿಪೇರಿ ಕೆಲಸವನ್ನೆಲ್ಲ ಮಾಸ್ತರರೇ ಅವನಿಗೆ ಕಲಿಸಿದ್ದರು. ಕಲಿತು ಮುಗಿದ ಮರುವರ್ಷ ಅವನು ಗಾಂಧಿ ಚೌಕದ ಹತ್ತಿರ ತನ್ನದೇ ಕ್ಲಾಸು ತೆರೆದ. ಮಾಸ್ತರರ ಅರ್ಧ ವಿದ್ಯಾರ್ಥಿಗಳು ಅತ್ತ ಹೋದರು, ರಿಪೇರಿಗೆ ಬರುತ್ತಿದ್ದ ಕಚೇರಿಗಳೂ ಹೋದವು. ಎರಡು ಬುಟ್ಟಿಯ ಯಂತ್ರವನ್ನು ಅವರು ಕಟ್ಟಿದ್ದು ಅದರ ನಂತರ. ಅದೊಂದನ್ನು ಯಾರಿಗೂ ತೋರಿಸಲಿಲ್ಲ. ಅವರ ಹೆಂಡತಿ ಬೂಬಮ್ಮ ಊಟದ ಡಬ್ಬಿ ತಂದರೂ ಮಾಸ್ತರರು ಯಂತ್ರದ ಮೇಲೆ ಟವೆಲು ಹೊದಿಸುತ್ತಿದ್ದರು. "ನನಗ ಇಷ್ಟು ಮುಚ್ಚಿ ಇಟ್ಟಿದ್ರ ನಾ ಈಗೂ ಹರೇದಾಕಿ ಇರತಿದ್ದೆ" ಎಂದು ಬೂಬಮ್ಮ ಒಮ್ಮೆ ಎಲ್ಲರ ಮುಂದೆಯೇ ಅಂದಳು. ಮಾಸ್ತರರು ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತರು.

೧೯೭೭ರಲ್ಲಿ ಬಬಲೇಶ್ವರದ ಒಂದು ಸೊಸಾಯಿಟಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಾಯಿತು. ನನ್ನ ಚಿಗವ್ವನ ಮನೆ ಅದೇ ಓಣಿಯಲ್ಲಿ. ಇಂಗ್ಲಿಷ್, ಕನ್ನಡ ಎರಡೂ ಪರೀಕ್ಷೆ ಪಾಸಾದವರು ಬೇಕಾಗಿತ್ತು. ಬರುವ ಪರೀಕ್ಷೆಯ ಫಲಿತಾಂಶದವರೆಗೆ ಕಾಯುತ್ತೇವೆ, ಅದಕ್ಕೂ ಮುಂದೆ ಆಗದು ಎಂದು ಸೊಸಾಯಿಟಿಯವರು ಚಿಗವ್ವನಿಗೆ ಹೇಳಿದ್ದರು. ಚಿಗವ್ವ ತನ್ನ ಮನೆಯ ಕಾಳಿನ ಕೋಣೆ ಖಾಲಿ ಮಾಡಿ, ಸುಣ್ಣ ಹಚ್ಚಿಸಿ, ನನಗೆ ಮಂಚ ಹಾಕಿಸಿದಳು. ಮಾಸ್ತರರಿಗೆ ಹೇಳಿದಾಗ ಅವರಿಗೂ ಹಿಗ್ಗು. "ಪಾಸಾದಿ ಅಂದ್ರ ನಿನ್ನ ಹೆಸರು ಬದಲಿ ಮಾಡ್ತೀನಿ. ಬಬಲೇಶ್ವರ ಅಂತ ಕರೀತೀನಿ."

ಟೈಪಿಂಗ್ ಪರೀಕ್ಷೆಗೆ ಯಂತ್ರವನ್ನು ನಾವೇ ಒಯ್ಯಬೇಕು. ಆ ದಿನ ವಿಜಾಪುರದ ಬೀದಿಗಳಲ್ಲಿ ಚಾದರ ಹೊದ್ದ ಯಂತ್ರಗಳು ಟಾಂಗಾಗಳಲ್ಲಿ ಮದುಮಕ್ಕಳಂತೆ ಹೋಗುತ್ತವೆ. ಬೆಳಿಗ್ಗೆ ಇಂಗ್ಲಿಷ್, ಮಧ್ಯಾಹ್ನ ಕನ್ನಡ. ಇಂಗ್ಲಿಷಿಗೆ ಬೇರೆ ಯಂತ್ರ ಒಯ್ಯೋಣ, ದೊಡ್ಡದನ್ನು ಕನ್ನಡಕ್ಕೇ ಇಡೋಣ ಎಂದು ನಾನು ಕೇಳಿಕೊಂಡೆ.

"ಯಾಕ? ಒಂದ ಮಶೀನು, ಎರಡು ಪರೀಕ್ಷಾ. ರಸೂಲನ ಹುಡುಗರು ತಲಿಗೆ ಎರಡೆರಡು ಹೊತಗೊಂಡು ಬರ್ತಾವ. ನೋಡಲಿ ಅವ."

"ಬದಲಿ ಮಾಡೋದು ಹ್ಯಾಂಗ್ರಿ?"

"ಬದಲಿ ಮಾಡೋದು ನನ್ನ ಕೆಲಸ. ಬಡಿಯೋದು ನಿನ್ನ ಕೆಲಸ. ನಡುವಿನ ಬಿಡುವಿನ್ಯಾಗ ನಾ ಒಳಗ ಬರ್ತೀನಿ. ವರ್ಷಾ ವರ್ಷಾ ಬರಾಂವ ಅದೇನಿ."

ಆ ವರ್ಷದ ಮೇಲ್ವಿಚಾರಕರು ಬೇರೆ ಊರಿನವರು. ಇಂಗ್ಲಿಷ್ ಪರೀಕ್ಷೆ ಚೆನ್ನಾಗಿ ಆಯಿತು. ಬಿಡುವಿನಲ್ಲಿ ಮಾಸ್ತರರು ಕನ್ನಡದ ಬುಟ್ಟಿಯನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎದೆಗಿಟ್ಟುಕೊಂಡು ಗೇಟಿಗೆ ಬಂದರು. ಮೇಲ್ವಿಚಾರಕರು ಅಡ್ಡ ನಿಂತರು.

"ಒಳಗ ಬಿಡಾಕ ಬರಂಗಿಲ್ರಿ. ಪರೀಕ್ಷಾಕ್ಕ ಕುಂತಾವ್ರನ್ನ ಬಿಟ್ಟು ಮಶೀನ್ ಯಾರೂ ಮುಟ್ಟಂಗಿಲ್ಲ."

"ಸಾಹೇಬ್ರ, ಎರಡ ಮಿನಿಟ. ನಿಮ್ಮ ಕಣ್ಣ ಮುಂದ ಮಾಡ್ತೀನಿ."

"ನಿಯಮ ಅಂದ್ರ ನಿಯಮರಿ. ಆದ್ರ ನೀವು ಕಲಿಸಿದ ಹುಡುಗಿ ಅಲ್ಲೇನು ಈಕಿ? ಆಕಿಗೇ ಹೇಳಿ ಕೊಡ್ರಿ, ಇಲ್ಲೇ ನಿಂತು. ಆಕಿ ಮಾಡ್ಕೊಳ್ಳಲಿ. ನಾ ಬ್ಯಾಡ ಅನ್ನಂಗಿಲ್ಲ."

ನಾನು ಗೇಟಿನ ಸರಳು ಹಿಡಿದು ನಿಂತಿದ್ದೆ. ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಬೇವಿನ ಮರದಡಿ ಪೇರಲಹಣ್ಣು ತಿನ್ನುತ್ತ ನಿಂತಿದ್ದ ರಸೂಲ ಎರಡು ಹೆಜ್ಜೆ ಮುಂದೆ ಬಂದ.

"ಹೇಳು ಮಾವಾ, ಹೇಳು. ನಾವೂ ಒಂದೀಟು ಕೇಳ್ತೀವಿ."

ಮಾಸ್ತರರ ಬಾಯಿ ಮುಚ್ಚಿತು. ಅವನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಬುಟ್ಟಿಯನ್ನು ಸರಳುಗಳ ಸಂದಿನಿಂದ ನನಗೆ ದಾಟಿಸಿ, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. "ಎರಡೂ ಬದಿಗೆ ಚಿಲಕ ಅದಾವ. ತಗದು, ಅದನ್ನ ಎತ್ತು. ಇದನ್ನ ಇಳಿಸು."

"ಅಷ್ಟನ್ರಿ?"

ಅವರು ಮತ್ತೊಮ್ಮೆ ರಸೂಲನ ಕಡೆ ನೋಡಿದರು. "ಅಷ್ಟ. ನಡಿ ಒಳಗ."

ನಾನು ಹಾಗೆಯೇ ಮಾಡಿದೆ. ಚಿಲಕ ಟಕ್ ಎಂದಿತು. ಬುಟ್ಟಿ ಕರ್‍ರ್ ಎಂದು ಇಳಿದು ಕೂತಿತು. ಕಾಗದ ಏರಿಸುವಾಗ ಹೊಳೆಯಿತು, ಮೂರನೆಯ ಸದ್ದು ಬಂದಿರಲಿಲ್ಲ.

ಕನ್ನಡ ಯಂತ್ರದಲ್ಲಿ ಒತ್ತಕ್ಷರದ ಕೀಲಿ ಬಡಿದಾಗ ಕಾಗದದ ಗಾಡಿ ಮುಂದಕ್ಕೆ ಸರಿಯಬಾರದು. ಸರಿಯದೆ ನಿಂತರೇನೇ ಅಕ್ಷರವೂ ಅದರ ಒತ್ತೂ ಒಂದರ ಕೆಳಗೊಂದು ಕೂಡುತ್ತವೆ. ಇಂಗ್ಲಿಷಿನಲ್ಲಿ ಈ ತಡೆ ಬೇಕಿಲ್ಲ, ಪ್ರತಿ ಬಡಿತಕ್ಕೂ ಗಾಡಿ ಸರಿಯಬೇಕು. ಆ ತಡೆಯನ್ನು ಹಾಕುವ, ತೆಗೆಯುವ ಕೀಲು ಯಂತ್ರದ ಹೊಟ್ಟೆಯೊಳಗೆ ಎಲ್ಲೋ ಇತ್ತು. ಆ ಚಿಟ್ ಅದರದು. ನನ್ನ ಕಾಗದದಲ್ಲಿ ಒತ್ತುಗಳೆಲ್ಲ ತಮ್ಮ ಅಕ್ಷರ ಬಿಟ್ಟು ಪಕ್ಕದ ಜಾಗದಲ್ಲಿ ಒಂಟಿಯಾಗಿ ಬಿದ್ದವು. ಮೊದಲ ಸಾಲಿನಲ್ಲೇ ನಾಲ್ಕು. ಕೈ ಎತ್ತಿದೆ. "ಮಶೀನಿನ ಜವಾಬ್ದಾರಿ ನಿಮ್ಮದವಾ" ಎಂದು ಮೇಲ್ವಿಚಾರಕರು ಮೆಲ್ಲಗೆ ಹೇಳಿ ಮುಂದೆ ಹೋದರು. ಯಂತ್ರದ ಅಡಿಗೆ ಬೆರಳು ಹಾಕಿ ತಡಕಾಡಿದೆ, ಬೆರಳು ಮಸಿಯಾದದ್ದಷ್ಟೇ. ಸುತ್ತಲೂ ರಸೂಲನ ಹುಡುಗರ ಯಂತ್ರಗಳು ಆಲಿಕಲ್ಲು ಬಿದ್ದಂತೆ ಸದ್ದು ಮಾಡುತ್ತಿದ್ದವು. ನಾನು ಕೊನೆಯ ಸಾಲಿನವರೆಗೂ ಹೊಡೆದೆ. ಯಾಕೆ ಹೊಡೆದೆನೋ ಗೊತ್ತಿಲ್ಲ.

ಟಾಂಗಾದಲ್ಲಿ ಯಂತ್ರ ನಮ್ಮಿಬ್ಬರ ನಡುವೆ ಕೂತಿತ್ತು. ಜೋರಾಪುರ ಪೇಟೆ ದಾಟಿತು.

"ಇನ್ನೊಂದು ಇತ್ತಲ್ರಿ, ಚಿಟ್ ಅನ್ನೋದು" ಎಂದೆ. "ಅದನ್ಯಾಕ ಹೇಳಲಿಲ್ರಿ?"

ಅವರು ಚಾದರದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ರಸೂಲ ನಿಂತಿದ್ದನವಾ."

"ನನ್ನ ಕಿವ್ಯಾಗ ಹೇಳಬಹುದಿತ್ತಲ್ರಿ?"

"ನಿನ್ನ ಕಿವಿಗೆ ಬಿದ್ದದ್ದು ನಾಳಿ ಗಾಂಧಿ ಚೌಕಕ್ಕ ಹೋಗಂಗಿಲ್ಲ ಅಂತ ಹ್ಯಾಂಗ ತಿಳೀಲಿ? ಅವನನ್ನೂ ನಾ ಹಿಂಗ ನಂಬಿದ್ದೆ. ಎಲ್ಲಾ ಕಲಿಸಿಬಿಟ್ರ ನಾಳಿ ಯಾರು ಬರ್ತೀರಿ ನನ್ನ ಮಾಳಿಗಿಗೆ?"

ನಾನು ಸ್ಟೇಷನ್ ರಸ್ತೆಯ ತಿರುವಿನಲ್ಲೇ ಇಳಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಇಂಗ್ಲಿಷಿನಲ್ಲಿ ಪಾಸು, ಕನ್ನಡದಲ್ಲಿ ನಪಾಸು. ಬಬಲೇಶ್ವರದ ಕೆಲಸ ಬೇರೆಯವರಿಗೆ ಹೋಯಿತು. ಚಿಗವ್ವ ಮಂಚ ತೆಗೆಸಿ ಮತ್ತೆ ಕಾಳಿನ ಚೀಲ ಇಟ್ಟಳು. ಹೊಸ ಸುಣ್ಣದ ಗೋಡೆಗೆ ಚೀಲಗಳು ಒರಗಿದ್ದನ್ನು ನಾನೇ ಹೋಗಿ ನೋಡಿ ಬಂದೆ.

ಮುಂದಿನ ಪರೀಕ್ಷೆಗೆ ರಸೂಲನ ಕ್ಲಾಸು ಸೇರಿದೆ. ಅಲ್ಲಿ ಕನ್ನಡಕ್ಕೆಂದೇ ಬೇರೆ ಯಂತ್ರವಿತ್ತು, ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಪಾಸಾದೆ. ಪೇಢೆ ತೆಗೆದುಕೊಂಡು ಮಾಸ್ತರರ ಮಾಳಿಗೆ ಹತ್ತಿದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಮೂರು ಯಂತ್ರಗಳ ಮೇಲೂ ಟವೆಲು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದರು.

"ತಿಕೋಟಾ. ಪಾಸಾದಿ?"

"ಹೂಂ ರೀ."

"ಯಾರ ಮಶೀನಿನ ಮ್ಯಾಲ?"

ಹೇಳಿದೆ. ಅವರು ಕಣ್ಣು ತೆರೆಯಲಿಲ್ಲ. "ನೋಡಿದಿಲ್ಲ? ಹೋದಿ. ನಾ ಅಂದಿದ್ದೆ."

ಅವರು ಬಚ್ಚಿಟ್ಟಿದ್ದಕ್ಕೇ ನಾನು ಹೋದದ್ದು ಎಂದು ಹೇಳಬೇಕೆನಿಸಿತು. ಬದಲಿಗೆ ಪೇಢೆಯ ಪೊಟ್ಟಣ ಬಿಚ್ಚಿದೆ.

"ಪೇಢೆ ಅಲ್ಲೇ ಇಡು" ಎಂದರು. ಇಟ್ಟು ಬಂದೆ. ಅದೇ ಕೊನೆಯ ಭೇಟಿ.

ಈ ವರ್ಷ ಗಣೇಶನ ಹಬ್ಬದ ಹಿಂದುಮುಂದು ಮಾಸ್ತರರು ಕಾಮಾಲೆಯಿಂದ ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಬೂಬಮ್ಮ ಬಸ್ಸಿನ ಮೇಲೆ ಯಂತ್ರ ಹೇರಿಸಿಕೊಂಡು ನಮ್ಮ ಮನೆಗೆ ಬಂದಳು. "ಇದು ತಿಕೋಟಾಕ ಕೊಡು ಅಂದಿದ್ರವಾ. ನಿನಗೂ ಊರಿಗೂ ಒಂದ ಹೆಸರು, ಹುಡುಕೂದು ಸುಲಭ ಆತು." ಇಂಗ್ಲಿಷ್ ಬುಟ್ಟಿ ಯಂತ್ರದಲ್ಲೇ ಇತ್ತು. ಕನ್ನಡದ್ದು ಅದೇ ಹಸಿರು ಬಟ್ಟೆಯಲ್ಲಿ.

"ಹ್ಯಾಂಗ ಬದಲಿ ಮಾಡೋದು ಅಂತ ಏನರ ಹೇಳಿದ್ರೇನ್ರಿ?"

"ನನಗ ಹೇಳ್ತಾರೇನ ಅವರು? ಕೊಡು ಅಂದ್ರು, ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು."

ಕಳೆದ ವಾರ ರಸೂಲನನ್ನೇ ಕರೆಸಿದೆ. ಅವನು ಯಂತ್ರವನ್ನು ಬೋರಲು ಹಾಕಿ, ಬ್ಯಾಟರಿ ಬಿಟ್ಟು ನೋಡಿ, ಬೆವರಿಳಿಸಿ, ಕೈ ಚೆಲ್ಲಿದ. "ಎಲ್ಲಿಟ್ಟಾನೋ ಮಾವಾ. ಪೂರಾ ಬಿಚ್ಚಿದ್ರ ಕೂಡಸಾಕ ಬರಂಗಿಲ್ಲ."

"ಅವತ್ತು ಗೇಟಿನಾಗ ಇದನ್ನ ಕೇಳಾಕ ನಿಂತಿದ್ದಿಲ್ಲೇನು ನೀನು?"

"ಹುಚ್ಚಿ, ಚ್ಯಾಷ್ಟಿ ಮಾಡಾಕ ನಿಂತಿದ್ದೆ" ಎಂದ ರಸೂಲ, ಕೈ ಒರೆಸಿಕೊಳ್ಳುತ್ತ. "ಎರಡು ಮಶೀನ ಇದ್ದಾಂವಗ ಇದ್ಯಾಕ ಬೇಕಿತ್ತು? ಮಾವಾ ಕೂಗಿ ಹೇಳಿದ್ರೂ ನಾ ನೆನಪಿಡತಿರಲಿಲ್ಲ." ಆಮೇಲೆ ತಾನೇ ಯಂತ್ರಕ್ಕೆ ಟವೆಲು ಹೊದಿಸಿದ.

ಇದನ್ನು ಯಂತ್ರದಲ್ಲಿ ಹೊಡೆದು ಪತ್ರಿಕೆಗೆ ಕಳಿಸಬೇಕೆಂದು ನನ್ನ ಆಸೆಯಿತ್ತು. ನಿನ್ನೆ ಕನ್ನಡದ ಬುಟ್ಟಿ ಇಳಿಸಿ ‘ಮಾಸ್ತರ’ ಎಂದು ಹೊಡೆದು ನೋಡಿದೆ. ಒತ್ತು ಪಕ್ಕಕ್ಕೇ ಬಿತ್ತು. ಅದಕ್ಕೇ ಕೈಯಲ್ಲಿ ಬರೆದಿದ್ದೇನೆ. ಹತ್ತಿ ಮಿಲ್ಲಿನ ಕಾಲದ ಅಂಥ ಯಂತ್ರವನ್ನು ಬಿಚ್ಚಿ ಕೂಡಿಸಿದವರು, ಅಥವಾ ಸ್ಟೇಷನ್ ರಸ್ತೆಯ ಆ ಮಾಳಿಗೆಯಲ್ಲಿ ಕಲಿತು, ಯಾವತ್ತಾದರೂ ಒಂದು ದಿನ ಬಾಲ್ಕನಿಯಿಂದ ಇಣುಕಿ ನೋಡಿದವರು ಯಾರಾದರೂ ಇದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಟಕ್ ಮತ್ತು ಕರ್‍ರ್ ನನಗೆ ಬರುತ್ತವೆ. ಚಿಟ್ ಎಲ್ಲಿಂದ ಬರುತ್ತದೆ ಎಂಬುದಷ್ಟು ತಿಳಿಸಿದರೆ ಸಾಕು.