ಒಂದು ಐವತ್ತರ ಎಚ್ಚರಿಕೆಗಳು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶಿವಾಜಿನಗರದ ಮನೆ ಬಿಟ್ಟೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಚೀಲದಲ್ಲಿ ಒಂದು ಶಾಲು. ಹೋಗಬೇಕಿದ್ದದ್ದು ಕೆ.ಆರ್. ಪುರದ ನನ್ನ ಹಳೆಯ ಕಚೇರಿಗೆ. ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಅಲ್ಲಿ ಕಾಯುತ್ತಾರೆ. ಎಸ್ಸೆಸ್ಸೆಲ್ಸಿ ಓದಿದ ನಾನು ಗೇಟಿನ ಕಾವಲಿನಿಂದ ಪರದೆಯ ಕಾವಲಿಗೆ ಬಂದು ಏಳು ವರ್ಷ ಕೂತಿದ್ದೆ. ಅನುಮಾನದ ಚಟುವಟಿಕೆ ನಡೆದರೆ ಕೆಂಪು ಎಚ್ಚರಿಕೆ ಬರುತ್ತಿತ್ತು. ನಿಜವಾದರೆ ಮೇಲಿನವರಿಗೆ ಕಳಿಸಬೇಕು, ಸುಳ್ಳಾದರೆ ಷರಾ ಬರೆದು ಮುಚ್ಚಬೇಕು.

ಹಿಂದಿನ ದಿನ ಈಗಿನ ಮುಖ್ಯಸ್ಥೆ ನಸೀಮಾ ಫೋನ್ ಮಾಡಿದ್ದಳು. "ರಾಜಣ್ಣ, ಇನ್ಮೇಲೆ ಎಚ್ಚರಿಕೆಗಳನ್ನ ಎಐ ನೋಡತ್ತೆ. ನಿಮ್ ಹಳೇ ಷರಾಗಳನ್ನೇ ಓದಿಸಿ ಕಲಿಸಿದೀವಿ. ಸೋಮವಾರದಿಂದ ಅದೇ ಮುಚ್ಚತ್ತೆ!" ಆಮೇಲೆ ನನಗೆ ಊಟ ಸೇರಲಿಲ್ಲ.

ಹಲಸೂರು ಮೆಟ್ರೋವರೆಗೆ ಆಟೋ, ಎಪ್ಪತ್ತು ರೂಪಾಯಿ.

"ಆಫೀಸ್ ಟೈಮಲ್ಲಿ ಹೊರಟಿದೀರ. ಇಂಟರ್‌ವ್ಯೂನಾ ಚಾಚಾ?" ಎಂದು ಚಾಲಕ ನಕ್ಕ.

"ತಪ್ಪು ಒಪ್ಕೊಳ್ಳೋಕಪ್ಪ."

"ಹಾಗಾದ್ರೆ ತಿಂದ್ಕೊಂಡು ಹೋಗಿ. ಖಾಲಿ ಹೊಟ್ಟೇಲಿ ಬೈಗುಳ ಇಳಿಯಲ್ಲ." ಅವನೇ ಒಂದು ಹೋಟೆಲಿನ ಮುಂದೆ ಇಳಿಸಿದ. ಎರಡು ಇಡ್ಲಿಯಲ್ಲಿ ಒಂದು ಮಾತ್ರ ಇಳಿಯಿತು.

ಇಂದಿರಾನಗರದಲ್ಲಿ ಮೆಟ್ರೋ ಬಾಗಿಲು ತೆರೆದಾಗ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು. ಕಂಬ ಹಿಡಿದು ನಿಂತೇ ಇದ್ದೆ. ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ಹೇಳಬೇಕಾದ್ದನ್ನು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ.

ನಿಮಗೂ ಹೇಳಿಬಿಡುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬದಲಾಗುವಾಗ ಎಚ್ಚರಿಕೆಗಳ ಬೋರ್ಡು ಖಾಲಿ ಇರಬೇಕು, ಮುಂದಿನವರಿಗೆ ಬಾಕಿ ಬಿಡಬಾರದು ಎಂಬುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆಯಾಗಿತ್ತು. ಒಂದು ಐವತ್ತಕ್ಕೆ ಉಳಿದ ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ಆರಿಸಿ, 'ಪರಿಶೀಲಿಸಿದೆ, ತೊಂದರೆ ಇಲ್ಲ' ಎಂದು ಅಂಟಿಸಿ ಮುಚ್ಚುತ್ತಿದ್ದೆ. ಒಂದನ್ನೂ ತೆರೆದು ನೋಡುತ್ತಿರಲಿಲ್ಲ. ಅಚ್ಚುಕಟ್ಟಿನ ಕೆಲಸಗಾರನೆಂದು ನಿವೃತ್ತಿಯ ದಿನ ಈ ಶಾಲು ಹೊದಿಸಿದ್ದರು.

"ಮಷೀನ್ ಮೇಷ್ಟ್ರು ಬಂದ್ರು ಗುರು!" ಎಂದು ಕಚೇರಿಯಲ್ಲಿ ನನ್ನ ಹಳೆಯ ಕುರ್ಚಿಯಲ್ಲಿದ್ದ ಪ್ರಕಾಶ ಎದ್ದು ನಿಂತ. ನಾನು ನಸೀಮಾಳ ಮೇಜಿನ ಮೇಲೆ ಶಾಲು ಇಟ್ಟು ಎಲ್ಲವನ್ನೂ ಹೇಳಿದೆ.

ಅವಳು ಕೂಡಲೇ ತನ್ನ ಕಂಪ್ಯೂಟರ್ ತೆರೆದಳು. ಆಸ್ಪತ್ರೆಯೊಂದರ ರೋಗಿಗಳ ದಾಖಲೆಯನ್ನು ಯಾರೋ ಕದಿಯುತ್ತಿದ್ದಾರೆ ಎಂಬ ಒಂದು ನಕಲಿ ಎಚ್ಚರಿಕೆಯನ್ನು ಯಂತ್ರಕ್ಕೆ ಕೊಟ್ಟಳು. ಸಮಯ ಬೆಳಿಗ್ಗೆ ಹನ್ನೊಂದು ಎಂದಿದ್ದಾಗ ಅದು 'ಕಳ್ಳತನ' ಎಂದಿತು. ಸಮಯವನ್ನಷ್ಟೇ ಒಂದು ಐವತ್ತಕ್ಕೆ ಬದಲಿಸಿದಳು. ಪರದೆಯ ಮೇಲೆ ನನ್ನದೇ ವಾಕ್ಯ ಮೂಡಿತು: ಪರಿಶೀಲಿಸಿದೆ, ತೊಂದರೆ ಇಲ್ಲ.

"ನಾವು ಟೆಸ್ಟ್ ಮಾಡಿದ್ದೆಲ್ಲ ಬೆಳಿಗ್ಗೆ ಹೊತ್ತೇ," ಎಂದಳು ಮೆಲ್ಲಗೆ. ಆಮೇಲೆ, "ಸೋಮವಾರ ಕ್ಯಾನ್ಸಲ್. ಅದು ಅನುಮಾನ ತೋರಿಸ್ಲಿ ಸಾಕು, ಮುಚ್ಚೋದು ನಾವೇ. ಹಳೇ ಷರಾಗಳನ್ನೆಲ್ಲ ಸೋಸ್ಬೇಕು. ರಾಜಣ್ಣ, ಮೇಲಿನವ್ರಿಗೆ ಕೊಡೋ ವರದೀಲಿ ನಿಮ್ ಹೆಸ್ರು ಬರತ್ತೆ."

"ಬರ್ಲಮ್ಮ. ಶಾಲು ವಾಪಸ್ ತಗೋ."

"ಇಟ್ಕೊಳ್ಳಿ ರೀ. ಇಲ್ಲಿ ಎಸಿ ಜಾಸ್ತಿ, ನಾಳೆಯಿಂದ ಸೋಸೋಕೆ ನೀವೂ ಕೂರ್ಬೇಕು."

ಹಾಗೆ ಮುಚ್ಚಿದ ಹಳೆಯ ಪಟ್ಟಿಗಳನ್ನು ನಾನು ಅವಳಿಗೆ ತೋರಿಸುವಷ್ಟರಲ್ಲಿ ಒಂದು ಐವತ್ತಾಯಿತು. ಬೋರ್ಡಿನಲ್ಲಿ ಹತ್ತೊಂಬತ್ತು ಎಚ್ಚರಿಕೆ ಉಳಿದಿದ್ದವು. ಪ್ರಕಾಶ ಎಲ್ಲವನ್ನೂ ಒಟ್ಟಿಗೆ ಆರಿಸಿದ. ನಾನು ಅವನ ಕೈ ಹಿಡಿದೆ.

"ಬೋರ್ಡ್ ಖಾಲಿ ಆಗ್ಲಿಲ್ವಲ್ಲ ಮೇಷ್ಟ್ರೇ, ನೆಕ್ಸ್ಟ್ ಶಿಫ್ಟಿನವ್ರು ಏನಂತಾರೆ?"

"ಅಂದ್ಕೊಳ್ಲಿ ಬಿಡಪ್ಪ."

ಹೊರಡುವಾಗ ಬಾಗಿಲಲ್ಲಿ ತಿರುಗಿ ನೋಡಿದೆ. ಎರಡು ದಾಟಿತ್ತು. ಹತ್ತೊಂಬತ್ತೂ ಕೆಂಪಗೆ ಹಾಗೇ ಇದ್ದವು. ಪ್ರಕಾಶ ಮನೆಗೆ ಹೋಗದೆ ಮೊದಲನೆಯದನ್ನು ತೆರೆದು ಓದುತ್ತಿದ್ದ.