ಗಾಯದಂಚಿನ ಕೋಶಗಳು

ಜೀವಕೋಶದೊಳಗೂ ಒಂದು ಅಸ್ಥಿಪಂಜರವಿದೆ. ಹೊರಗಿನಿಂದ ಬಂದ ಸುದ್ದಿಯನ್ನು ಪ್ರೋಟೀನುಗಳು ಅದಕ್ಕೆ ಹೇಗೆ ಮುಟ್ಟಿಸುತ್ತವೆ ಎಂಬುದನ್ನೇ ನಾನು ಆರು ವರ್ಷ ಓದಿದ್ದು. ಡಾಕ್ಟರೇಟ್ ಮುಗಿಸಿ ಮಳವಳ್ಳಿಯ ಕಾಲೇಜಿಗೆ ಪಾಠ ಹೇಳಲು ಬಂದ ಮೇಲೆ ಅದರ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಮದ್ದೂರಿನ ಬಾಡಿಗೆ ಕೋಣೆಯಿಂದ ಬಸ್ಸು ಹತ್ತುತ್ತಿದ್ದೆ, ಪಾಠ ಮಾಡುತ್ತಿದ್ದೆ, ಮರಳುತ್ತಿದ್ದೆ. ಕೆಲವು ಭಾನುವಾರ ಸಂಜೆಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೇಳಿದವರು ಒಬ್ಬರೇ, ಲ್ಯಾಬಿನ ಕಸ ಗುಡಿಸಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ. ಒಂದು ಮಧ್ಯಾಹ್ನ ನಾನು ಅಲ್ಲೇ ಕೂತು ಬುತ್ತಿ ತಿನ್ನುತ್ತಿದ್ದಾಗ ಬೋರ್ಡಿನ ಮೇಲಿದ್ದ ಚಿತ್ರ ನೋಡಿ, "ಇದೇನ್ ಮೇಡಮ್ಮೋರೆ, ಜೇಡರ ಬಲೆಯಾ?" ಎಂದರು.

"ಬಲೆಯಲ್ಲಕ್ಕ, ಕೋಶದೊಳಗಿನ ಎಳೆಗಳು. ಚರ್ಮ ಕುಯ್ಕೊಂಡ್ರೆ ಅಲ್ಲೊಂದು ಸುದ್ದಿ ಹುಟ್ಟುತ್ತೆ. ಅಂಚಿನ ಕೋಶದ ಮೈಮೇಲಿರೋ ಪ್ರೋಟೀನು ಅದನ್ನ ಹಿಡಿದು ಒಳಗೆ ದಾಟಿಸುತ್ತೆ. ಆಗ ಈ ಎಳೆಗಳು ಬೆಳೆದು ಕೋಶವನ್ನ ಮುಂದಕ್ಕೆ ತಳ್ಳುತ್ತವೆ. ಕೋಶಗಳು ತೆವಳಿ ತೆವಳಿ ಗಾಯ ಮುಚ್ಚುತ್ತವೆ."

ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. "ಸುದ್ದಿ ಓಗ್ದೆ ಇದ್ರೆ?"

ಆ ಪ್ರಶ್ನೆಯ ಮೇಲೆಯೇ ನಾನು ಪ್ರಬಂಧ ಬರೆದಿದ್ದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸುದ್ದಿ ಸರಿಯಾಗಿ ದಾಟುವುದಿಲ್ಲ, ಎಳೆಗಳು ತಡವರಿಸುತ್ತವೆ, ಗಾಯ ಬಾಯಿ ಬಿಟ್ಟುಕೊಂಡೇ ಇರುತ್ತದೆ ಎಂದು ಹೇಳುತ್ತಾ ಹೋದೆ. ಕೇಳುವವರು ಸಿಕ್ಕ ಖುಷಿಯಲ್ಲಿ ಅವರ ಮುಖವನ್ನೇ ನೋಡಿರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಬಲಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹುಲ್ಲು ಕುಯ್ಯುವಾಗ ಕುಡುಗೋಲು ತಗುಲಿ ಎರಡು ತಿಂಗಳಾಗಿತ್ತಂತೆ. ಕಿರುಬೆರಳು ಕಪ್ಪಗಾಗಿತ್ತು.

"ನೋವಿಲ್ವಾ ಅಕ್ಕ?"

"ಇಲ್ಲ ಕಣವ್ವ. ಅದ್ಕೇ ಸುಮ್ನಿದ್ದೆ."

ಅವರು ನನ್ನನ್ನು ಮೇಡಂ ಅನ್ನದೆ ಅವ್ವ ಎಂದದ್ದು ಅದೇ ಮೊದಲು.

ಕ್ಲಾಸು ಬಿಟ್ಟು ಅವರನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಸೀರೆಯ ನೆರಿಗೆಯಲ್ಲಿ ಪಾದ ಮುಚ್ಚಿಕೊಂಡು ಕೂತಿದ್ದರು. ತಮಗೆ ಶುಗರ್ ಇದೆಯೆಂದು ಅವರಿಗೆ ತಿಳಿದದ್ದೇ ಅಂದು. ಬೆರಳು ಹೋಯಿತು, ಪಾದ ಉಳಿಯಿತು. ಕೊತ್ತತ್ತಿಯಿಂದ ಬಂದ ಮಗಳು, "ಇನ್ ಕೆಲ್ಸುಕ್ ಓಗದು ಬ್ಯಾಡ ಬುಡವ್ವ" ಎಂದು ತನ್ನ ಮನೆಗೆ ಕರೆದೊಯ್ದಳು.

ಕೆಲವು ತಿಂಗಳ ಮೇಲೆ ನೋಡಲು ಹೋದೆ. ಗಾಯದ ಮೇಲೆ ಎಳೆಯ ಚರ್ಮ ಕೂತಿತ್ತು. ಮನೆ ತುಂಬ ಮೊಮ್ಮಕ್ಕಳು, ನೆಂಟರು. ಅಕ್ಕ ರಾಗಿರೊಟ್ಟಿ ತಿನ್ನಿಸಿ, "ಒಬ್ರೇ ಇರ್ತೀರ, ಆಗಾಗ ಬತ್ತಾ ಇರಿ" ಎಂದರು. ಬರುತ್ತೇನೆ ಎಂದೆ.

ಮತ್ತೆ ಹೋಗಲಿಲ್ಲ. ಗಾಯ ವಾಸಿಯಾಗಿತ್ತು, ಇನ್ನು ಯಾವ ನೆಪ ಹೇಳಿಕೊಂಡು ಹೋಗಲಿ ಎಂದು ತಿಳಿಯಲಿಲ್ಲ.