ಎಣ್ಣೆ ಕುಡಿದ ಮೌತ್ ಆರ್ಗನ್

ಇವತ್ತು ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿತ್ತು. ನೋಡಿದ ಕೂಡಲೇ ಗುಬ್ಬಿಯ ದೊಡ್ಡಮ್ಮ ನೆನಪಾದಳು.

ನಾನು ಚಿಕ್ಕವಳಿದ್ದಾಗ ಬಾಗಿಲು ಕಿರುಗುಟ್ಟಿದರೂ, ಹೊಲಿಗೆ ಮಿಷನ್ ತಿರುಗದಿದ್ದರೂ, ನಮಗೆ ತಲೆ ನೋವು ಬಂದರೂ ದೊಡ್ಡಮ್ಮನ ಔಷಧಿ ಕೊಬ್ಬರಿ ಎಣ್ಣೆಯೇ. ಸ್ಕೂಲಿನ ಪ್ರೇಯರ್‌ನಲ್ಲಿ ನಾನು ಮೌತ್ ಆರ್ಗನ್ ನುಡಿಸಬೇಕಿದ್ದ ಹಿಂದಿನ ದಿನ ಅದರ ತೂತುಗಳಿಗೂ ಪ್ರೀತಿಯಿಂದ ನಾಲ್ಕು ಹನಿ ಬಿಟ್ಟಿದ್ದಳು. ಚಳಿಗಾಲ ಬೇರೆ. ಬೆಳಿಗ್ಗೆ ಊದಿದರೆ ಸದ್ದೇ ಇಲ್ಲ. ನಾನು ಅಳುತ್ತಾ ಕೂತೆ.

"ಅಳ್ಬೇಡ ಕಣೇ, ಎಣ್ಣೆ ಗಟ್ಟಿಯಾಗೈತೆ ಅಷ್ಟೇ," ಎಂದ ದೊಡ್ಡಮ್ಮ ಅದನ್ನು ಎರಡೂ ಅಂಗೈಗಳ ನಡುವೆ ಮುಚ್ಚಿಕೊಂಡು, ಎದೆಗೆ ಒತ್ತಿಕೊಂಡು ಸ್ಕೂಲಿನವರೆಗೂ ನಡೆದಳು. ದಾರಿಯಲ್ಲಿ ಸಿಕ್ಕವರೆಲ್ಲ ತಮಗೇ ನಮಸ್ಕಾರ ಅಂದುಕೊಂಡು ತಿರುಗಿ ಕೈಮುಗಿದರು.

ಅವತ್ತು ಸ್ವರಗಳು ಗಂಟಲು ಕಟ್ಟಿದವರ ಹಾಗೆ ಜಗ್ಗಿಕೊಂಡು ಹೊರಟವು. ಯಾರೂ ನಗಲಿಲ್ಲ. "ಇನ್ನೊಂದ್ಸಲ ನುಡ್ಸಮ್ಮ," ಎಂದರು ಮೇಷ್ಟ್ರು.

ಈಗ ನನ್ನ ಮಗಳು ಮೌತ್ ಆರ್ಗನ್‌ನಲ್ಲಿ ಬ್ಲೂಸ್ ಎಂಬ ಅಮೆರಿಕದ ಸಂಗೀತ ಕಲಿಯುತ್ತಿದ್ದಾಳೆ. ಸ್ವರಗಳನ್ನು ಬೇಕೆಂದೇ ಹಾಗೆ ಜಗ್ಗುತ್ತಾಳೆ. "ಚಳಿ ಇದ್ರೆ ಊದೋಕ್ ಮುಂಚೆ ಅಂಗೈಲಿ ಬೆಚ್ಚಗ್ ಮಾಡ್ಬೇಕಂತೆ ಅಮ್ಮ, ಆನ್‌ಲೈನ್ ಸರ್ ಹೇಳಿದ್ರು," ಎಂದಳು.

"ಕೊಡಿಲ್ಲಿ," ಎಂದು ಇಸಿದುಕೊಂಡು, ಎರಡೂ ಅಂಗೈಯಲ್ಲಿ ಮುಚ್ಚಿ ಮೆಟ್ಟಿಲ ಮೇಲೆ ಕೂತೆ. ಗೇಟಿನಾಚೆ ಹೋಗುತ್ತಿದ್ದ ಎದುರು ಮನೆಯವರು ನಿಂತು ನನಗೆ ಕೈಮುಗಿದರು.